ಸೀಟಿ ಯಾರ ಕೈಗೆ? ಅಮೆರಿಕದ ಹೈಸ್ಕೂಲ್ ನಾಕೌಟ್ ಪಂದ್ಯಗಳ ತೀರ್ಪುಗಾರರನ್ನು ಆರಿಸುವ ಬಗೆ

2014ರ ನವೆಂಬರ್ ಕೊನೆ. ಅಮೆರಿಕದ ಒಕ್ಲಹೋಮ ರಾಜ್ಯದಲ್ಲಿ ಹೈಸ್ಕೂಲ್ ಫುಟ್‌ಬಾಲ್‌ನ ಕ್ವಾರ್ಟರ್‌ಫೈನಲ್ ನಡೆಯುತ್ತಿತ್ತು. ಅಲ್ಲಿಯವರು ಫುಟ್‌ಬಾಲ್ ಎನ್ನುವುದು ಮೊಟ್ಟೆಯಾಕಾರದ ಚೆಂಡನ್ನು ಎದೆಗವಚಿಕೊಂಡು ಎದುರಾಳಿಗಳ ನಡುವೆ ನುಗ್ಗಿ ಓಡುವ ಆಟಕ್ಕೆ. ಲೋಕಸ್ಟ್ ಗ್ರೋವ್ ಶಾಲೆ 20, ಡಗ್ಲಸ್ ಶಾಲೆ 19. ಮುಗಿಯಲು 1 ನಿಮಿಷ 4 ಸೆಕೆಂಡು ಉಳಿದಿದ್ದಾಗ ಡಗ್ಲಸ್ ತಂಡ 58 ಗಜಗಳ ಆಟವೊಂದರಲ್ಲಿ ಚೆಂಡನ್ನು ಗೆರೆ ದಾಟಿಸಿತು. ಅಷ್ಟರಲ್ಲಿ ಆ ತಂಡದ ಕೋಚ್‌ಗಳಲ್ಲೊಬ್ಬರು ಸಂತೋಷದ ಭರದಲ್ಲಿ ಮೈದಾನದ ಅಂಚಿನಲ್ಲೇ ಓಡುತ್ತಾ ತೀರ್ಪುಗಾರರೊಬ್ಬರಿಗೆ ಡಿಕ್ಕಿ ಹೊಡೆದರು. ಅದು ತಪ್ಪೇ. ಆದರೆ ನಿಯಮದ ಪ್ರಕಾರ ಆ ತಪ್ಪಿಗೆ ಶಿಕ್ಷೆ ತಂಡವನ್ನು 5 ಗಜ ಹಿಂದೆ ಸರಿಸುವುದು, ಅದೂ ಅಂಕ ಕೊಟ್ಟ ನಂತರದ ಆಟದಲ್ಲಿ. ತೀರ್ಪುಗಾರರು ಗಳಿಸಿದ ಅಂಕವನ್ನೇ ರದ್ದು ಮಾಡಿದರು. ಡಗ್ಲಸ್ ಸೋತಿತು.

ತೀರ್ಪು ತಪ್ಪಾಗಿತ್ತೆಂದು ರಾಜ್ಯದ ಕ್ರೀಡಾ ಸಂಘ ಕ್ಷಮೆ ಕೇಳಿತು. ಮರುಪಂದ್ಯ ಮಾತ್ರ ಸಾಧ್ಯವಿಲ್ಲ ಎಂದಿತು. ವಿಷಯ ನ್ಯಾಯಾಲಯಕ್ಕೆ ಹೋಯಿತು, ಸೆಮಿಫೈನಲ್‌ಗೆ ತಡೆ ಬಿತ್ತು. ಡಿಸೆಂಬರ್‌ನಲ್ಲಿ ನ್ಯಾಯಾಧೀಶರು ಮರುಪಂದ್ಯಕ್ಕೆ ಆದೇಶಿಸಲು ನಿರಾಕರಿಸಿದರು. ಮೈದಾನದಲ್ಲಿ ಹೊರಟ ತೀರ್ಪು ಹಾಗೆಯೇ ಉಳಿಯಿತು.

ಹದಿನೇಳು ವರ್ಷದ ಹುಡುಗನಿಗೆ ಅದು ಶಾಲಾ ಜೀವನದ ಕೊನೆಯ ಪಂದ್ಯವಾಗಿರಬಹುದು. ತಿದ್ದಿಕೊಳ್ಳಲು ಎರಡನೆಯ ಅವಕಾಶವೇ ಇಲ್ಲದ ಇಂಥ ಪಂದ್ಯಗಳಿಗೆ ತೀರ್ಪುಗಾರರನ್ನು ಯಾರು ಆರಿಸುತ್ತಾರೆ, ಯಾವ ಆಧಾರದ ಮೇಲೆ? ನವೆಂಬರ್‌ನಲ್ಲಿ ವಾಲಿಬಾಲ್ ಮತ್ತು ಫುಟ್‌ಬಾಲ್, ಮಾರ್ಚ್‌ನಲ್ಲಿ ಬ್ಯಾಸ್ಕೆಟ್‌ಬಾಲ್ ನಾಕೌಟ್ ಹಂತಕ್ಕೆ ಬಂದಾಗಲೆಲ್ಲ ಈ ಪ್ರಶ್ನೆ ಏಳುತ್ತದೆ. ಡೆಟ್ರಾಯಿಟ್, ಶಿಕಾಗೊ, ಡಲ್ಲಾಸ್ ಸುತ್ತಮುತ್ತ ನೆಲೆಸಿರುವ ಕನ್ನಡ ಕುಟುಂಬಗಳ ಮಕ್ಕಳೂ ಈಗ ಶಾಲಾ ತಂಡಗಳಲ್ಲಿ ಆಡುತ್ತಿದ್ದಾರೆ. ಮೊಮ್ಮಗಳ ಆಟ ನೋಡಲು ಮೈಸೂರಿನಿಂದಲೋ ಶಿವಮೊಗ್ಗದಿಂದಲೋ ಬಂದ ಅಜ್ಜ ಅಜ್ಜಿ ಮರದ ಹಲಗೆಯ ಮೆಟ್ಟಿಲ ಮೇಲೆ ಕುಳಿತು ಕೇಳುವ ಮೊದಲ ಪ್ರಶ್ನೆಯೂ ಬಹುಮಟ್ಟಿಗೆ ಇದೇ: ಈ ಪಟ್ಟೆ ಅಂಗಿಯವರು ಯಾರಪ್ಪ?

ಪಟ್ಟೆ ಅಂಗಿಯವರು ಯಾರು

ಅವರು ಶಾಲೆಯ ನೌಕರರಲ್ಲ, ಸರ್ಕಾರದ ನೌಕರರೂ ಅಲ್ಲ. ಹಗಲು ವಿಮೆ ಕಚೇರಿಯಲ್ಲಿ, ಅಂಗಡಿಯಲ್ಲಿ, ಕಾರ್ಖಾನೆಯಲ್ಲಿ ದುಡಿದು ಸಂಜೆ ಸೀಟಿ ಹಿಡಿಯುವವರು. ಪಂದ್ಯಕ್ಕೆ ಇಷ್ಟು ಎಂದು ಸಂಭಾವನೆ ಪಡೆಯುವ ಸ್ವತಂತ್ರರು. ಬ್ಯಾಸ್ಕೆಟ್‌ಬಾಲ್‌ಗೆ ಇಬ್ಬರು ಅಥವಾ ಮೂವರು, ಫುಟ್‌ಬಾಲ್‌ಗೆ ಸಾಮಾನ್ಯವಾಗಿ ಐವರು. ದೊಡ್ಡ ಪಂದ್ಯಗಳಿಗೆ ಕೆಲವು ರಾಜ್ಯಗಳು ಏಳು ಮಂದಿಯನ್ನು ಇಳಿಸುತ್ತವೆ. ಆಟಕ್ಕೊಂದು ಹೆಸರು, ರೆಫರಿ, ಅಂಪೈರ್, ಲೈನ್ ಜಡ್ಜ್ ಎಂದೆಲ್ಲ ಇರುವುದರಿಂದ ಈ ಲೇಖನದಲ್ಲಿ ಎಲ್ಲರನ್ನೂ ತೀರ್ಪುಗಾರರು ಎಂದೇ ಕರೆಯುತ್ತೇನೆ.

ಇವರನ್ನು ನೋಂದಾಯಿಸಿಕೊಳ್ಳುವುದು, ಹೆಚ್ಚಿನ ಕಡೆ, ಆಯಾ ರಾಜ್ಯದ ಹೈಸ್ಕೂಲ್ ಕ್ರೀಡಾ ಸಂಘ. ಶಾಲೆಗಳೇ ಸೇರಿ ಕಟ್ಟಿಕೊಂಡ ಸಂಸ್ಥೆ ಅದು. 50 ರಾಜ್ಯಗಳು ಮತ್ತು ರಾಜಧಾನಿ ವಾಷಿಂಗ್ಟನ್ ಸೇರಿ ಇಂಥ 51 ಸಂಘಗಳಿವೆ. ಅವುಗಳ ಒಕ್ಕೂಟ 1920ರಲ್ಲಿ ಹುಟ್ಟಿತು, ಅದರ ಕಚೇರಿ ಇಂಡಿಯಾನಾಪೊಲಿಸ್‌ನಲ್ಲಿದೆ. ಆಟದ ನಿಯಮ ಪುಸ್ತಕ ಬರೆಯುವುದು ಈ ಒಕ್ಕೂಟ, ಪಂದ್ಯಾವಳಿ ನಡೆಸುವುದು ರಾಜ್ಯ ಸಂಘ. ಹೈಸ್ಕೂಲ್ ಮಟ್ಟದಲ್ಲಿ ಒಕ್ಕೂಟ ನಡೆಸುವ ರಾಷ್ಟ್ರೀಯ ಚಾಂಪಿಯನ್‌ಷಿಪ್ ಎಂಬುದೇ ಇಲ್ಲ. ರಾಜ್ಯದ ಫೈನಲ್ಲೇ ಶಿಖರ. ಹಾಗಾಗಿ ತೀರ್ಪುಗಾರರ ಆಯ್ಕೆಗೂ ಇಡೀ ದೇಶಕ್ಕೆ ಒಂದೇ ಸೂತ್ರವಿಲ್ಲ. ಪಕ್ಕಪಕ್ಕದ ರಾಜ್ಯಗಳ ನಡುವೆಯೇ ವ್ಯತ್ಯಾಸವಿದೆ. ಆದರೂ ಒಳಗಿನ ತರ್ಕ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ.

ಲೀಗ್ ಪಂದ್ಯ ಬೇರೆ, ನಾಕೌಟ್ ಬೇರೆ

ಋತುವಿನ ಸಾಮಾನ್ಯ ಪಂದ್ಯಗಳಿಗೆ ತೀರ್ಪುಗಾರರನ್ನು ಹಂಚುವುದು ಸ್ಥಳೀಯ ನಿಯೋಜಕರು. ಹತ್ತಾರು ಶಾಲೆಗಳ ವೇಳಾಪಟ್ಟಿ ಒಂದು ಕೈಯಲ್ಲಿ, ಯಾರು ಯಾವ ಸಂಜೆ ಬಿಡುವಾಗಿದ್ದಾರೆ ಎಂಬ ಪಟ್ಟಿ ಇನ್ನೊಂದು ಕೈಯಲ್ಲಿ. ಮಂಗಳವಾರ ಸಂಜೆ ಏಳಕ್ಕೆ ಮೂವರು ಬೇಕು, ಅಷ್ಟೇ. ಹತ್ತಿರದವರು, ಬರಬಲ್ಲವರು, ಆ ಮಟ್ಟದ ಆಟಕ್ಕೆ ಸಾಲುವವರು ಸಿಕ್ಕರೆ ಅವರ ಕೆಲಸ ಮುಗಿಯಿತು.

ನಾಕೌಟ್ ಆರಂಭವಾಯಿತೆಂದರೆ ಈ ಅಧಿಕಾರ ಸಾಮಾನ್ಯವಾಗಿ ರಾಜ್ಯ ಸಂಘದ ಕೈಗೆ ಹೋಗುತ್ತದೆ. ಮಿಷಿಗನ್‌ನಲ್ಲಿ ಬ್ಯಾಸ್ಕೆಟ್‌ಬಾಲ್ ತಂಡವೊಂದು ಡಿಸ್ಟ್ರಿಕ್ಟ್, ರೀಜನಲ್, ಕ್ವಾರ್ಟರ್‌ಫೈನಲ್ ದಾಟಿ ಸೆಮಿಫೈನಲ್, ಫೈನಲ್‌ಗಾಗಿ ಈಸ್ಟ್ ಲ್ಯಾನ್ಸಿಂಗ್‌ನ ಬ್ರೆಸ್ಲಿನ್ ಸೆಂಟರ್ ತಲುಪುತ್ತದೆ. ಇಲಿನಾಯ್‌ನಲ್ಲಿ ರೀಜನಲ್, ಸೆಕ್ಷನಲ್, ಸೂಪರ್ ಸೆಕ್ಷನಲ್, ಆಮೇಲೆ ರಾಜ್ಯ ಫೈನಲ್. (ಮಾರ್ಚ್ ತಿಂಗಳ ಈ ಜ್ವರಕ್ಕೆ ‘ಮಾರ್ಚ್ ಮ್ಯಾಡ್‌ನೆಸ್’ ಎಂಬ ಹೆಸರು ಬಂದದ್ದೇ ಇಲಿನಾಯ್‌ನ ಹೈಸ್ಕೂಲ್ ಪಂದ್ಯಾವಳಿಯಿಂದ. ಅಲ್ಲಿನ ಸಂಘದ ಹೆನ್ರಿ ಪೋರ್ಟರ್ 1939ರಲ್ಲಿ ಬರೆದ ಲೇಖನದಲ್ಲಿ ಅದು ಕಾಣಿಸಿಕೊಂಡಿತು. ಕಾಲೇಜು ಆಟಕ್ಕೆ ಆ ಹೆಸರು ಅಂಟಿಕೊಂಡದ್ದು ಬಹಳ ತಡವಾಗಿ.) ಸುತ್ತು ಮೇಲೇರಿದಂತೆ ತಂಡಗಳ ಹಾಗೆ ತೀರ್ಪುಗಾರರ ಸಂಖ್ಯೆಯೂ ಸೋಸಿ ಸೋಸಿ ಕಡಿಮೆಯಾಗುತ್ತದೆ. ಅವರಿಗೂ ಅದು ಒಂದು ಪಂದ್ಯಾವಳಿಯೇ. ಫೈನಲ್‌ನ ಕರೆಗಾಗಿ ಇಪ್ಪತ್ತು ವರ್ಷ ಕಾದವರಿದ್ದಾರೆ. ಆ ಕರೆ ಕೊಡುವ ಗೌರವಕ್ಕೆ ಒಂದು ಸಂಜೆಯ ಸಂಭಾವನೆ ಎಲ್ಲಿಯ ಸಾಟಿ?

ಮೊದಲು ಹೊಸ್ತಿಲು ದಾಟಬೇಕು

ತೀರ್ಪುಗಾರರ ಕೆಲಸಕ್ಕೆ ಅಂಕ ಕೊಡುವ ರೇಟಿಂಗ್ ಎನ್ನುವುದು ಎರಡನೆಯ ಮೆಟ್ಟಿಲು. ಅದಕ್ಕೂ ಮೊದಲು ಅರ್ಹತೆಯ ಹೊಸ್ತಿಲಿದೆ. ಆ ವರ್ಷದ ನೋಂದಣಿ ಆಗಿರಬೇಕು, ಹಿನ್ನೆಲೆ ಪರಿಶೀಲನೆ ಮುಗಿದಿರಬೇಕು, ಹೊಸ ನಿಯಮಗಳನ್ನು ವಿವರಿಸುವ ವಾರ್ಷಿಕ ಸಭೆಗೆ ಹಾಜರಾಗಿರಬೇಕು, ನಿಯಮಗಳ ಲಿಖಿತ ಪರೀಕ್ಷೆಯಲ್ಲಿ ತೇರ್ಗಡೆಯಾಗಿರಬೇಕು. ಜೊತೆಗೆ ಆ ಋತುವಿನಲ್ಲಿ ಶಾಲೆಯ ಮುಖ್ಯ ತಂಡದ ಮಟ್ಟದ ಇಂತಿಷ್ಟು ಪಂದ್ಯಗಳನ್ನು ನಡೆಸಿರಬೇಕು. ಮಿಷಿಗನ್‌ನಂಥ ಕಡೆ ಮಾನ್ಯತೆ ಪಡೆದ ಸ್ಥಳೀಯ ತೀರ್ಪುಗಾರರ ಸಂಘದ ಸದಸ್ಯತ್ವವೂ ಬೇಕು. ಒಂದು ಕಾಗದ ಬಾಕಿ ಉಳಿದರೂ ಎಂಥ ಅನುಭವಿಯ ಹೆಸರಾದರೂ ಪಟ್ಟಿಯಿಂದ ಬಿದ್ದುಹೋಗುತ್ತದೆ.

ಇಲಿನಾಯ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ತೀರ್ಪುಗಾರರನ್ನು ಮೂರು ದರ್ಜೆಗಳಲ್ಲಿಟ್ಟಿದೆ: ರಿಜಿಸ್ಟರ್ಡ್, ರೆಕಗ್ನೈಸ್ಡ್, ಸರ್ಟಿಫೈಡ್. ನಮ್ಮ ಸಂಗೀತ ಪರೀಕ್ಷೆಗಳ ಜೂನಿಯರ್, ಸೀನಿಯರ್, ವಿದ್ವತ್ತನ್ನು ನೆನೆಸಿಕೊಂಡರೆ ಇದು ಸುಲಭವಾಗಿ ಅರ್ಥವಾಗುತ್ತದೆ. ಒಂದರಿಂದ ಇನ್ನೊಂದಕ್ಕೆ ಏರಲು ಅನುಭವದ ಜೊತೆ ಪರೀಕ್ಷೆ, ತರಬೇತಿ ಶಿಬಿರ, ಬೇರೆಯವರ ಮೌಲ್ಯಮಾಪನ ಎಲ್ಲವೂ ಬೇಕು. ಆದರೆ ವಿದ್ವತ್ ಮುಗಿಸಿದವರೆಲ್ಲರ ಕಛೇರಿ ಒಂದೇ ಮಟ್ಟದಲ್ಲಿರುವುದಿಲ್ಲವಲ್ಲ. ಅರ್ಹರ ಪಟ್ಟಿಯಲ್ಲಿ ನೂರಾರು ಹೆಸರುಗಳಿದ್ದು ಫೈನಲ್‌ಗೆ ಬೇಕಾದವರು ಬೆರಳೆಣಿಕೆಯಷ್ಟಾದಾಗ ಅವರ ನಡುವೆ ಮೇಲು ಕೆಳಗು ಹೇಳಲು ಇನ್ನೊಂದು ಅಳತೆಗೋಲು ಬೇಕಾಗುತ್ತದೆ.

ಕೋಚ್ ಕೊಡುವ ಅಂಕ

ಎಲ್ಲಕ್ಕಿಂತ ಹಳೆಯ, ಎಲ್ಲಕ್ಕಿಂತ ಹೆಚ್ಚು ಚರ್ಚೆಯಾಗುವ ಅಳತೆಗೋಲು ಇದು. ಪಂದ್ಯ ಮುಗಿದ ಮೇಲೆ ಎರಡೂ ಶಾಲೆಗಳು ತೀರ್ಪುಗಾರರಿಗೆ ಅಂಕ ಕೊಡುತ್ತವೆ. ಮಿಷಿಗನ್‌ನಲ್ಲಿ ಬಹುಕಾಲದಿಂದ ಬಂದ ಪದ್ಧತಿಯಲ್ಲಿ 1ರಿಂದ 5ರವರೆಗೆ ಅಂಕ, 1 ಅತ್ಯುತ್ತಮ, 5 ಅತಿ ಕಳಪೆ. ಇದು ಶಾಲೆಯ ಅಂಕದಂತಲ್ಲ, ರ್‍ಯಾಂಕ್‌ನಂತೆ. ಸಂಖ್ಯೆ ಚಿಕ್ಕದಾದಷ್ಟೂ ಒಳ್ಳೆಯದು. ಬೇರೆ ಕೆಲವು ರಾಜ್ಯಗಳಲ್ಲಿ ಅಂಕದ ಬದಲು, ಅಥವಾ ಅಂಕದ ಜೊತೆಗೆ, ಋತುವಿನಲ್ಲಿ ಕಂಡ ಉತ್ತಮ ತೀರ್ಪುಗಾರರ ಹೆಸರುಗಳನ್ನು ಕೋಚ್‌ಗಳು ಪಟ್ಟಿಮಾಡಿ ಕಳುಹಿಸುತ್ತಾರೆ. ಹೆಚ್ಚು ಪಟ್ಟಿಗಳಲ್ಲಿ ಹೆಸರು ಬಂದವರಿಗೆ ಹೆಚ್ಚು ತೂಕ. ಟೆಕ್ಸಾಸ್‌ನಲ್ಲಿ ‘ಸ್ಕ್ರ್ಯಾಚ್’ ಎಂಬ ಮಾತು ಚಾಲ್ತಿಗೆ ಬಂದದ್ದು ಇದರ ತಿರುಗುಮುರುಗು ಪದ್ಧತಿಯಿಂದ. ಅಲ್ಲಿ ಬೇಡವಾದವರ ಹೆಸರನ್ನು ಕೋಚ್ ಹೊಡೆದುಹಾಕುತ್ತಾರೆ.

ಕೋಚ್‌ಗಳನ್ನೇ ಏಕೆ ಕೇಳಬೇಕು? ಇಡೀ ಋತುವಿನಲ್ಲಿ ಅತಿ ಹೆಚ್ಚು ತೀರ್ಪುಗಾರರನ್ನು ಅತಿ ಹತ್ತಿರದಿಂದ ನೋಡುವವರು ಅವರೇ. ಆಟ ಬಲ್ಲವರು. ಅವರನ್ನು ಕೇಳುವುದಕ್ಕೆ ಪ್ರತ್ಯೇಕ ಖರ್ಚೂ ಇಲ್ಲ. ಕ್ರಿಕೆಟ್‌ನಲ್ಲೂ ಪಂದ್ಯದ ನಂತರ ನಾಯಕರು ಅಂಪೈರ್‌ಗಳ ಬಗ್ಗೆ ವರದಿ ಕೊಡುವುದುಂಟು.

ತೊಂದರೆ ಇರುವುದು ಎಲ್ಲರಿಗೂ ಗೊತ್ತಿರುವ ಜಾಗದಲ್ಲೇ. ಎರಡು ಅಂಕದಿಂದ ಸೋತು ಬಸ್ ಹತ್ತಿದ ಕೋಚ್ ಆ ರಾತ್ರಿಯೇ ಅಂಕ ಬರೆದರೆ ಅದು ತೀರ್ಪುಗಾರರ ಅಂಕವೋ ಸೋಲಿನ ಅಂಕವೋ? ಮದುವೆಯ ಅಡುಗೆಯವರಿಗೆ ಅಂಕ ಕೊಡುವ ಕೆಲಸವನ್ನು ಮುನಿಸಿಕೊಂಡ ಬೀಗರಿಗೆ ವಹಿಸಿದ ಹಾಗೆ. ಸಾರು ಚೆನ್ನಾಗಿದ್ದರೂ ಉಪ್ಪು ಹೆಚ್ಚಾಗಿ ಕಂಡೀತು. ಇದಕ್ಕಿಂತ ಸೂಕ್ಷ್ಮವಾದ ತೊಂದರೆ ಇನ್ನೊಂದಿದೆ. ಎಲ್ಲೆ ಮೀರಿ ಕೂಗಾಡುವ ಕೋಚ್‌ಗೆ ದಂಡ ವಿಧಿಸುವುದು ತೀರ್ಪುಗಾರರ ಕರ್ತವ್ಯ. ಅದೇ ಕೋಚ್ ನಾಳೆ ಅವರಿಗೆ ಅಂಕ ಕೊಡುವವರು. ಕರ್ತವ್ಯ ಮಾಡಿದ್ದಕ್ಕೇ ಅಂಕ ಕಳೆದುಕೊಳ್ಳುವ ಸಾಧ್ಯತೆ ಇಲ್ಲಿದೆ. ನನಗೆ ಇಡೀ ವ್ಯವಸ್ಥೆಯ ಅತ್ಯಂತ ದುರ್ಬಲ ಕೊಂಡಿಯಾಗಿ ಕಾಣುವುದು ಇದೇ.

ನಿಯಮದ ಬಗೆಗಿನ ತಪ್ಪು ತಿಳಿವಳಿಕೆಯೂ ಅಂಕದೊಳಗೆ ನುಸುಳುತ್ತದೆ. ಬ್ಯಾಸ್ಕೆಟ್‌ಬಾಲ್‌ನಲ್ಲಿ ಚೆಂಡು ಹಿಡಿದು ನುಗ್ಗುವವಳು ಎದುರಾಳಿಗೆ ಡಿಕ್ಕಿ ಹೊಡೆದಳೆನ್ನಿ. ತಪ್ಪು ಯಾರದು? ತಡೆಯುವವಳು ಅಲ್ಲಾಡದೆ ನಿಂತಿದ್ದರೆ ಮಾತ್ರ ಅವಳು ಸರಿ ಎಂದು ಪ್ರೇಕ್ಷಕರು ನಂಬಿರುತ್ತಾರೆ. ನಿಯಮ ಹಾಗೆ ಹೇಳುವುದಿಲ್ಲ. ಮೊದಲು ಎರಡೂ ಪಾದ ನೆಲದ ಮೇಲೂರಿ ಎದೆ ಎದುರಾಳಿಯ ಕಡೆಗಿರುವಂತೆ ನಿಂತರೆ ಸಾಕು. ಆಮೇಲೆ ಆ ಸ್ಥಾನ ಉಳಿಸಿಕೊಳ್ಳಲು ಅವಳು ಪಕ್ಕಕ್ಕೂ ಹಿಂದಕ್ಕೂ ಸರಿಯಬಹುದು. ಸರಿಯಾದ ತೀರ್ಪಿಗೇ ಇಡೀ ಸಭಾಂಗಣ ಕೂಗೆಬ್ಬಿಸುವುದನ್ನು ನೀವು ಯಾವ ಶಾಲೆಯಲ್ಲಾದರೂ ನೋಡಬಹುದು.

ಸರಾಸರಿಯ ಲೆಕ್ಕ

ಹಾಗಾದರೆ ಕೋಚ್‌ಗಳ ಅಂಕವನ್ನು ಎಸೆದುಬಿಡಬೇಕೇ? ಬೇಕಿಲ್ಲ. ಒಂದೊಂದು ಅಂಕವೂ ವಾಲಿರಬಹುದು, ಆದರೆ ಎರಡು ಕಡೆಯವರ ಅಂಕಗಳನ್ನು ಸೇರಿಸಿ, ಹಲವು ಪಂದ್ಯಗಳನ್ನು ಕೂಡಿಸಿದರೆ ವಾಲಿಕೆ ಬಹುಪಾಲು ಒಂದಕ್ಕೊಂದು ಕಳೆದುಹೋಗುತ್ತದೆ. ಕೈಯಲ್ಲಿ ಲೆಕ್ಕ ಮಾಡಿ ನೋಡೋಣ. ಊಹೆಗಾಗಿ, ಒಬ್ಬ ತೀರ್ಪುಗಾರರಿಗೆ ಹತ್ತು ಅಂಕಗಳು ಬಂದಿವೆ: 1, 2, 2, 1, 2, 2, 1, 2, 2, 5. ಒಟ್ಟು 20, ಸರಾಸರಿ 2.0. ಆ ಒಂದು 5 ಯಾವುದೋ ಕಹಿ ಸಂಜೆಯದು ಎಂದುಕೊಳ್ಳಿ. ಅತಿ ಒಳ್ಳೆಯ ಅಂಕ ಒಂದನ್ನೂ ಅತಿ ಕೆಟ್ಟ ಅಂಕ ಒಂದನ್ನೂ ತೆಗೆದುಹಾಕಿದರೆ ಉಳಿದ ಎಂಟರ ಮೊತ್ತ 14, ಸರಾಸರಿ 1.75. ಡೈವಿಂಗ್‌ನಂಥ ಕ್ರೀಡೆಗಳಲ್ಲಿ ತೀರ್ಪುಗಾರರ ಅಂಕಗಳ ಎರಡೂ ತುದಿಗಳನ್ನು ಕತ್ತರಿಸುವುದು ಇದೇ ಕಾರಣಕ್ಕೆ. ಸಾಲಿನಲ್ಲಿ ಹತ್ತಾರು ಮಂದಿ ಕಾಯುತ್ತಿರುವಾಗ 2.0 ಮತ್ತು 1.75ರ ನಡುವಿನ ಅಂತರ ರೀಜನಲ್‌ಗೆ ಹೋಗುವುದನ್ನೂ ಮನೆಯಲ್ಲಿ ಕೂರುವುದನ್ನೂ ನಿರ್ಧರಿಸಬಲ್ಲದು.

ಇನ್ನೊಂದು ಉಪಾಯ ಕಾಲವನ್ನು ಹಿಗ್ಗಿಸುವುದು. ಒಂದೇ ಋತುವಿನ ಬದಲು ಹಲವು ಋತುಗಳ ಸರಾಸರಿ ಹಿಡಿದರೆ, ಕಾಲುನೋವಿನಿಂದ ಬಳಲಿದ ಒಂದು ವರ್ಷವಾಗಲಿ ಸುಲಭ ಪಂದ್ಯಗಳೇ ಸಿಕ್ಕ ಒಂದು ವರ್ಷವಾಗಲಿ ಒಟ್ಟು ಚಿತ್ರವನ್ನು ಕೆಡಿಸುವುದಿಲ್ಲ. ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ವೇಗವಾಗಿ ಬೆಳೆಯುತ್ತಿರುವ ಕಿರಿಯರ ಅಂಕ ನಿಧಾನವಾಗಿ ಏರುತ್ತದೆ, ಇಳಿಗಾಲದಲ್ಲಿರುವ ಹಿರಿಯರ ಅಂಕ ನಿಧಾನವಾಗಿ ಇಳಿಯುತ್ತದೆ.

ಸರಾಸರಿ ನೋಡುವಾಗ ಎಷ್ಟು ಅಂಕಗಳ ಸರಾಸರಿ ಎಂಬುದನ್ನು ಕೇಳದೆ ಬಿಡಬಾರದು. ಆಟೋ ಕರೆಸುವ ಆಪ್‌ನಲ್ಲಿ ಮೂರು ಜನರಿಂದ 5 ನಕ್ಷತ್ರ ಪಡೆದ ಚಾಲಕನಿಗೂ ಎರಡು ಸಾವಿರ ಜನರಿಂದ 4.8 ಪಡೆದ ಚಾಲಕನಿಗೂ ನಾವು ಒಂದೇ ತೂಕ ಕೊಡುವುದಿಲ್ಲ. ಇಲ್ಲಿಯೂ ಅಷ್ಟೇ. ನಾಲ್ಕು ಪಂದ್ಯ ನಡೆಸಿ 1.4 ಪಡೆದವರಿಗಿಂತ ನಲವತ್ತು ಪಂದ್ಯ ನಡೆಸಿ 1.8 ಪಡೆದವರ ಮೇಲೆ ನಿಯೋಜಕರಿಗೆ ಹೆಚ್ಚು ಭರವಸೆ. ಅರ್ಹತೆಗೆ ಕನಿಷ್ಠ ಪಂದ್ಯಗಳ ಷರತ್ತು ಇಟ್ಟಿರುವುದರ ಗುಟ್ಟು ಇದು. ತೀರಾ ಕೆಳಗಿನ ಅಂಕ ಕೊಡುವಾಗ ಕಾರಣವನ್ನು ಬರವಣಿಗೆಯಲ್ಲಿ ಕೊಡಬೇಕೆಂದು ಹಲವು ಕಡೆ ಕೇಳುತ್ತಾರೆ. ಕಾರಣ ಬರೆಯಲು ಕುಳಿತಾಗ ಸಿಟ್ಟು ಅರ್ಧ ಇಳಿದಿರುತ್ತದೆ.

ಚೆಂಡಿನಿಂದ ದೂರ ನೋಡುವ ಕಣ್ಣು

ಅಂಕಗಣಿತದಿಂದ ಬಗೆಹರಿಯದ ಒಂದು ಕೊರತೆ ಕೋಚ್‌ಗಳ ರೇಟಿಂಗ್‌ನಲ್ಲಿ ಉಳಿಯುತ್ತದೆ. ಕೋಚ್ ನೋಡುವುದು ಚೆಂಡನ್ನು. ಒಳ್ಳೆಯ ತೀರ್ಪುಗಾರರ ಕೆಲಸದ ಬಹುಭಾಗ ನಡೆಯುವುದು ಚೆಂಡಿಲ್ಲದ ಕಡೆ.

ಬ್ಯಾಸ್ಕೆಟ್‌ಬಾಲ್ ಅಂಗಳದಲ್ಲಿ ಮೂವರು ತೀರ್ಪುಗಾರರು ನಿಲ್ಲುವ ರೀತಿಯನ್ನು ಗಮನಿಸಿ. ಒಬ್ಬರು ಬುಟ್ಟಿಯ ಕೆಳಗೆ, ಅಂಗಳದ ಕೊನೆಯ ಗೆರೆಯ ಹೊರಗೆ. ಇನ್ನೊಬ್ಬರು ಆಟದ ಹಿಂದೆ, ನಡುಗೆರೆಯ ಕಡೆಗೆ. ಮೂರನೆಯವರು ಎದುರು ಬದಿಯಲ್ಲಿ, ಫ್ರೀ ಥ್ರೋ ಗೆರೆಯ ನೇರಕ್ಕೆ. ಚೆಂಡು ಬದಿ ಬದಲಿಸಿದಂತೆ ಇವರ ಜಾಗಗಳೂ ಬದಲಾಗುತ್ತವೆ. ಅಂಗಳದಲ್ಲಿ ಹತ್ತು ಮಂದಿ. ಚೆಂಡಿರುವವಳು ಮತ್ತು ಅವಳನ್ನು ತಡೆಯುವವಳು ಸೇರಿ ಇಬ್ಬರು. ಮೂವರು ತೀರ್ಪುಗಾರರೂ ಆ ಇಬ್ಬರನ್ನೇ ನೋಡುತ್ತಾ ನಿಂತರೆ ಉಳಿದ ಎಂಟು ಮಂದಿಯ ನಡುವಿನ ತಳ್ಳಾಟ, ಅಂಗಿ ಜಗ್ಗಾಟ, ಮೊಣಕೈ ತಿವಿತ ಯಾರ ಕಣ್ಣಿಗೂ ಬೀಳುವುದಿಲ್ಲ. ಹಾಗಾಗಿ ಅಂಗಳವನ್ನು ಹೊಲದ ಬದುಗಳ ಹಾಗೆ ಹಂಚಿಕೊಂಡಿರುತ್ತಾರೆ. ಚೆಂಡು ನಿನ್ನ ಪಾಲಿನಲ್ಲಿ ಇಲ್ಲದಾಗ ಅದನ್ನು ನೋಡುವ ಆಸೆಯನ್ನು ಅದುಮಿಕೊಂಡು ನಿನ್ನ ಪಾಲಿನ ಆಟಗಾರರನ್ನೇ ನೋಡಬೇಕು. ಹೊಸಬರಿಗೆ ಇದನ್ನು ಕಲಿಸಲು ವರ್ಷಗಳೇ ಹಿಡಿಯುತ್ತವೆ. ಈ ನಿಲುವು, ಚಲನೆ, ನೋಟದ ಹಂಚಿಕೆ, ಕೈಸನ್ನೆಗಳ ಒಟ್ಟು ಶಿಸ್ತನ್ನು ಅವರ ಪರಿಭಾಷೆಯಲ್ಲಿ ‘ಮೆಕ್ಯಾನಿಕ್ಸ್’ ಎನ್ನುತ್ತಾರೆ.

ಇದನ್ನು ಅಳೆಯಬಲ್ಲವರು ಅದನ್ನು ಮಾಡಿ ಬಲ್ಲವರು ಮಾತ್ರ. ಅದಕ್ಕಾಗಿ ಸಂಘಗಳು ವೀಕ್ಷಕರನ್ನು ಕಳುಹಿಸುತ್ತವೆ. ಹೆಚ್ಚಾಗಿ ನಿವೃತ್ತ ತೀರ್ಪುಗಾರರು, ಪ್ರೇಕ್ಷಕರ ನಡುವೆ ಒಂದು ನಮೂನೆ ಹಿಡಿದು ಕುಳಿತಿರುತ್ತಾರೆ. ಸ್ಕೋರ್ ಎಷ್ಟಾಯಿತೆಂಬುದು ಅವರಿಗೆ ಅಷ್ಟು ಮುಖ್ಯವಲ್ಲ. ಸೀಟಿ ಊದಿದಾಗ ಎಲ್ಲಿ ನಿಂತಿದ್ದರು, ಎರಡು ದೇಹಗಳ ನಡುವಿನ ಸಂದು ಅಲ್ಲಿಂದ ಕಾಣುತ್ತಿತ್ತೇ, ಓಡಿ ಆಟದ ಜೊತೆ ಬಂದರೇ, ಮೊದಲ ನಿಮಿಷದಲ್ಲಿ ಫೌಲ್ ಎಂದದ್ದನ್ನು ಕೊನೆಯ ನಿಮಿಷದಲ್ಲೂ ಫೌಲ್ ಎಂದರೇ, ಕೋಚ್ ಕೇಳಿದ ಪ್ರಶ್ನೆಗೆ ಸಮಾಧಾನದಿಂದ ಉತ್ತರಿಸಿದರೇ, ಸಹೋದ್ಯೋಗಿಯ ತಪ್ಪನ್ನು ಸದ್ದಿಲ್ಲದೆ ಸರಿಪಡಿಸಿದರೇ ಎಂಬುದನ್ನೆಲ್ಲ ಗುರುತು ಹಾಕಿಕೊಳ್ಳುತ್ತಾರೆ. ಎಸ್ಸೆಸ್ಸೆಲ್ಸಿ ಉತ್ತರ ಪತ್ರಿಕೆಯನ್ನು ಆ ಶಾಲೆಯ ಮೇಷ್ಟ್ರೇ ತಿದ್ದುವುದಿಲ್ಲವಲ್ಲ, ಹಾಗೆ ಫಲಿತಾಂಶದ ಹಂಗಿಲ್ಲದ ಕಣ್ಣು ಇದು. ಪಂದ್ಯದ ನಂತರ ಕೊಠಡಿಯಲ್ಲಿ ಅವರು ಆಡುವ ಹತ್ತು ನಿಮಿಷದ ಮಾತು ತೀರ್ಪುಗಾರರಿಗೆ ಯಾವ ಅಂಕಕ್ಕಿಂತಲೂ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ವೀಕ್ಷಕರು ಹುಡುಕುವ ಇನ್ನೊಂದು ಗುಣ ಗದ್ದಲದಲ್ಲಿ ಕದಲದಿರುವುದು. 2002ರಲ್ಲಿ ಪ್ರಕಟವಾದ ಬ್ರಿಟಿಷ್ ಅಧ್ಯಯನವೊಂದರಲ್ಲಿ 40 ಅರ್ಹ ಸಾಕರ್ ರೆಫರಿಗಳಿಗೆ ಒಂದೇ ಪಂದ್ಯದ ದೃಶ್ಯಗಳನ್ನು ತೋರಿಸಲಾಯಿತು. ಕೆಲವರಿಗೆ ಪ್ರೇಕ್ಷಕರ ಸದ್ದಿನೊಂದಿಗೆ, ಉಳಿದವರಿಗೆ ಸದ್ದಿಲ್ಲದೆ. ಸದ್ದು ಕೇಳಿದವರು ತವರು ತಂಡದ ವಿರುದ್ಧ ಕೊಟ್ಟ ಫೌಲ್‌ಗಳು ಸುಮಾರು ಶೇ 15ರಷ್ಟು ಕಡಿಮೆ ಇದ್ದವು. ಯಾರೂ ಬೇಕೆಂದು ಪಕ್ಷಪಾತ ಮಾಡಿದ್ದಲ್ಲ. ಕಿವಿ ಕಣ್ಣನ್ನು ಎಳೆದೊಯ್ದಿತ್ತು. ರಾಜ್ಯದ ಫೈನಲ್‌ಗೆ ಸಾವಿರಾರು ಜನ ಸೇರುತ್ತಾರೆ. ಅಕ್ಕಪಕ್ಕದ ಊರುಗಳ ಹಳೆಯ ಪೈಪೋಟಿಯ ಪಂದ್ಯಗಳಿಗೇ ವೀಕ್ಷಕರು ಹೋಗಲು ಇಷ್ಟಪಡುವುದು ಅದಕ್ಕೆ.

ಹಾಗಿದ್ದರೆ ಎಲ್ಲ ಪಂದ್ಯಕ್ಕೂ ವೀಕ್ಷಕರನ್ನೇ ಕಳುಹಿಸಬಾರದೇಕೆ? ಜನ ಸಾಲದು, ಹಣ ಸಾಲದು. ಒಂದು ಶುಕ್ರವಾರ ರಾತ್ರಿ ಒಂದು ರಾಜ್ಯದಲ್ಲೇ ನೂರಾರು ಪಂದ್ಯಗಳು ನಡೆಯುತ್ತವೆ. ಈಗ ಹೆಚ್ಚಿನ ಶಾಲೆಗಳು ಪಂದ್ಯಗಳ ವಿಡಿಯೊ ಮಾಡಿಟ್ಟುಕೊಳ್ಳುವುದರಿಂದ ಆ ಕೊರತೆ ಸ್ವಲ್ಪ ನೀಗಿದೆ. ಆದರೆ ಶಾಲೆಯ ಕ್ಯಾಮೆರಾವೂ ಹಿಂಬಾಲಿಸುವುದು ಚೆಂಡನ್ನೇ. ಸಹ ತೀರ್ಪುಗಾರರ ಅಭಿಪ್ರಾಯ ಕೇಳುವ ರೂಢಿಯೂ ಅಲ್ಲಲ್ಲಿದೆ. ಪಕ್ಕದಲ್ಲೇ ನಿಂತು ಕೆಲಸ ಮಾಡಿದವರಿಗಿಂತ ಚೆನ್ನಾಗಿ ಬಲ್ಲವರು ಯಾರು? ಅದರ ಜೊತೆಗೆ ಸ್ನೇಹದ ಮುಲಾಜೂ ಬರುತ್ತದೆ. ಕೋಚ್, ವೀಕ್ಷಕ, ಸಹೋದ್ಯೋಗಿ, ಲಿಖಿತ ಪರೀಕ್ಷೆ ಒಂದೊಂದೂ ಒಂದೊಂದು ಕಡೆ ಕುರುಡು. ಅದಕ್ಕಾಗಿಯೇ ಹಲವು ರಾಜ್ಯಗಳು ಒಂದನ್ನೇ ನಂಬದೆ ಪ್ರತಿಯೊಂದಕ್ಕೂ ಇಷ್ಟಿಷ್ಟು ತೂಕವೆಂದು ನಿಗದಿಮಾಡಿ, ಎಲ್ಲವನ್ನೂ ಕೂಡಿಸಿ ಒಂದೇ ಅಂಕಕ್ಕೆ ಇಳಿಸುತ್ತವೆ.

ಪಟ್ಟಿ ಸಿದ್ಧವಾದ ಮೇಲೆ

ಅಂಕದ ಪ್ರಕಾರ ಹೆಸರುಗಳನ್ನು ಜೋಡಿಸಿದಾಗ ಕೆಲಸ ಮುಗಿಯಿತೆಂದು ಅನ್ನಿಸಬಹುದು. ಹಾಗಿದ್ದರೆ ಕಂಪ್ಯೂಟರ್ ಮೇಲಿನ ಮೂರು ಹೆಸರುಗಳನ್ನು ಎತ್ತಿ ಫೈನಲ್‌ಗೆ ಕೊಟ್ಟುಬಿಡುತ್ತಿತ್ತು. ನಡೆಯುವುದು ಹಾಗಲ್ಲ.

ಮೊದಲ ಪ್ರಶ್ನೆ ತಟಸ್ಥತೆಯದು. ತಾವು ಓದಿದ ಶಾಲೆ, ಮಕ್ಕಳು ಓದುತ್ತಿರುವ ಶಾಲೆ, ಸಂಬಂಧಿಕರು ಕೋಚ್ ಆಗಿರುವ ಶಾಲೆ ಯಾವುದಿದ್ದರೂ ತೀರ್ಪುಗಾರರು ಮೊದಲೇ ತಿಳಿಸಬೇಕು. ಎರಡೂ ತಂಡಗಳ ಊರಿಗೆ ಹೊರತಾದವರನ್ನು ಹುಡುಕುವುದು ವಾಡಿಕೆ. ನಮ್ಮಲ್ಲಿ ಚುನಾವಣಾ ಕರ್ತವ್ಯಕ್ಕೆ ಹೋದ ಸರ್ಕಾರಿ ನೌಕರರಿಗೆ ಇದು ಚೆನ್ನಾಗಿ ಗೊತ್ತು. ಸ್ವಂತ ಕ್ಷೇತ್ರದ ಮತಗಟ್ಟೆಗೆ ಅವರನ್ನು ಹಾಕುವುದಿಲ್ಲ. ಅವರ ಪ್ರಾಮಾಣಿಕತೆಯ ಮೇಲೆ ಅನುಮಾನವಿದ್ದು ಅಲ್ಲ, ಅನುಮಾನಕ್ಕೆ ಎಡೆಯೇ ಇರದಿರಲಿ ಎಂದು.

ಆಮೇಲೆ ದೂರ. ಉದ್ದಗಲಕ್ಕೆ ಹರಡಿದ ರಾಜ್ಯದಲ್ಲಿ ಬುಧವಾರ ಸಂಜೆಯ ಪಂದ್ಯಕ್ಕೆ ಐದು ಗಂಟೆ ಕಾರು ಓಡಿಸಿಕೊಂಡು ಬನ್ನಿ ಎಂದು ಕೆಲಸಕ್ಕೆ ಹೋಗುವವರನ್ನು ಕೇಳುವುದು ಕಷ್ಟ. ತಟಸ್ಥತೆಗೆ ದೂರದವರು ಬೇಕು, ಅನುಕೂಲಕ್ಕೆ ಹತ್ತಿರದವರು ಬೇಕು. ಈ ಎರಡರ ನಡುವಿನ ಎಳೆದಾಟದಲ್ಲಿ ನಿಯೋಜಕರ ಅರ್ಧ ದಿನ ಕಳೆಯುತ್ತದೆ.

ಫುಟ್‌ಬಾಲ್‌ನಲ್ಲಿ ಇನ್ನೊಂದು ಪೇಚು: ಒಬ್ಬೊಬ್ಬರನ್ನು ಆರಿಸಬೇಕೋ ಇಡೀ ತಂಡವನ್ನೋ? ವರ್ಷಗಟ್ಟಲೆ ಜೊತೆಯಾಗಿ ದುಡಿದ ಐವರಿಗೆ ಒಬ್ಬರ ಕಣ್ಸನ್ನೆ ಇನ್ನೊಬ್ಬರಿಗೆ ತಿಳಿಯುತ್ತದೆ. ಬೇರೆ ಬೇರೆ ಕಡೆಯ ಐವರು ಉತ್ತಮರನ್ನು ಒಟ್ಟುಗೂಡಿಸಿದರೆ ಅಂಕ ಹೆಚ್ಚು, ಹೊಂದಾಣಿಕೆ ಕಡಿಮೆ. ಒಕ್ಲಹೋಮದ ಪಂದ್ಯವನ್ನು ಇಲ್ಲಿ ಮತ್ತೆ ನೆನೆಸಿಕೊಳ್ಳಬೇಕು. ಅಲ್ಲಿ ತಪ್ಪಿದ್ದು ಕಣ್ಣಲ್ಲ. ಡಿಕ್ಕಿ ಹೊಡೆದದ್ದನ್ನು ನೋಡಿದ್ದರು. ಶಿಕ್ಷೆಯನ್ನು ಎಲ್ಲಿಂದ ಎಣಿಸಬೇಕೆಂಬ ನಿಯಮವನ್ನು ಅನ್ವಯಿಸುವುದರಲ್ಲಿ ತಪ್ಪಿದ್ದರು. ಇಂಥ ಗಳಿಗೆಯಲ್ಲಿ ಆಟ ನಿಲ್ಲಿಸಿ ಎಲ್ಲರೂ ಒಟ್ಟಾಗಿ ನಿಂತು, ಪರಿಚಯದ ಸಲಿಗೆಯಿಂದ ‘ಇದು ಸರಿಯಲ್ಲ, ಇನ್ನೊಮ್ಮೆ ಯೋಚಿಸೋಣ’ ಎಂದು ಹೇಳಬಲ್ಲ ಒಬ್ಬರಿದ್ದರೆ ಸಾಕು. ಆ ಗುಣವನ್ನು 1ರಿಂದ 5ರ ಅಂಕದಲ್ಲಿ ಹಿಡಿಯುವುದು ಬಹಳ ಕಷ್ಟ.

ಅವಕಾಶದ ಹಂಚಿಕೆಯೂ ಲೆಕ್ಕಕ್ಕೆ ಬರುತ್ತದೆ. ಪ್ರತಿ ವರ್ಷ ಅದೇ ಮೂವರನ್ನು ಫೈನಲ್‌ಗೆ ಕಳುಹಿಸಿದರೆ ಉಳಿದವರು ಆಸೆ ಬಿಡುತ್ತಾರೆ. ಹೊಸಬರನ್ನೇ ಕಳುಹಿಸಿದರೆ ಆಟಕ್ಕೆ ಅಪಾಯ. ಹೀಗಾಗಿ ಒಬ್ಬ ಹೊಸಬರ ಜೊತೆ ಇಬ್ಬರು ಅನುಭವಿಗಳನ್ನು ಇಡುವ ಜಾಣ್ಮೆ ನಿಯೋಜಕರಿಗೆ ಬೇಕಾಗುತ್ತದೆ.

ಕಡಿಮೆಯಾದ ಸಂಖ್ಯೆ

2018-19ರ ನಂತರದ ಮೂರು ವರ್ಷಗಳಲ್ಲಿ ದೇಶದಾದ್ಯಂತ ಸುಮಾರು 50,000 ಹೈಸ್ಕೂಲ್ ತೀರ್ಪುಗಾರರು ಕೆಲಸ ಬಿಟ್ಟರೆಂದು ಒಕ್ಕೂಟ ಹೇಳಿತು. ನಡುವೆ ಕೋವಿಡ್ ಬಂದಿತ್ತು, ನಿಜ. ಆದರೆ ಬಿಟ್ಟವರು ಹೇಳುವ ಕಾರಣಗಳಲ್ಲಿ ಮತ್ತೆ ಮತ್ತೆ ಬರುವುದು ಪೋಷಕರ, ಕೋಚ್‌ಗಳ ಬೈಗುಳ. ಇತ್ತ ಆಡುವವರ ಸಂಖ್ಯೆ ಏರುತ್ತಿದೆ. 2023-24ರಲ್ಲಿ ಹೈಸ್ಕೂಲ್ ಕ್ರೀಡೆಗಳಲ್ಲಿ ಭಾಗವಹಿಸುವಿಕೆ 80 ಲಕ್ಷ ದಾಟಿತು. ಎರಡು ಆಟ ಆಡುವ ವಿದ್ಯಾರ್ಥಿಯನ್ನು ಎರಡು ಬಾರಿ ಎಣಿಸುವ ಲೆಕ್ಕ ಅದು.

ರೇಟಿಂಗ್ ಮೇಲೆ ಇದರ ಪರಿಣಾಮ ನೇರವಾದದ್ದು. ನೂರು ಮಂದಿಯಲ್ಲಿ ಹತ್ತು ಮಂದಿಯನ್ನು ಆರಿಸುವಾಗ ಅಂಕಕ್ಕೆ ಬೆಲೆ ಇರುತ್ತದೆ. ಹದಿನೈದು ಮಂದಿಯಲ್ಲಿ ಹತ್ತನ್ನು ಆರಿಸುವಾಗ ಅಂಕ ಬಹುಪಾಲು ಹೆಸರಿಗಷ್ಟೇ. ಮಂದಿ ಕಡಿಮೆಯಾದಂತೆ ಅದೇ ತೀರ್ಪುಗಾರರು ಅದೇ ಶಾಲೆಗಳನ್ನು ಮತ್ತೆ ಮತ್ತೆ ನೋಡುತ್ತಾರೆ. ಹಳೆಯ ಸಿಟ್ಟೂ ಹಳೆಯ ಸಲಿಗೆಯೂ ಅಂಕದ ಹಾಳೆಯ ಮೇಲೆ ಬಂದು ಕೂರುತ್ತವೆ. ಪಟ್ಟಿ ಉದ್ದವಾಗಿರುವುದೇ ಒಳ್ಳೆಯ ಆಯ್ಕೆಗೆ ಮೊದಲ ಷರತ್ತು ಎಂದು ನಾನು ನಂಬುತ್ತೇನೆ.

ಪೋಷಕರು ಕೇಳುವ ಎರಡು ಪ್ರಶ್ನೆಗಳು

ಪೋಷಕರು ಅಂಕ ಕೊಡಬಹುದೇ? ಇಲ್ಲ. ಅಂಕ ಕೊಡುವ ಹಕ್ಕು ಶಾಲೆಯದು. ಅನ್ಯಾಯವಾಯಿತೆಂದು ಅನ್ನಿಸಿದರೆ ಶಾಲೆಯ ಕ್ರೀಡಾ ನಿರ್ದೇಶಕರಿಗೆ ತಿಳಿಸಬಹುದು. ಅವರು ವಿಡಿಯೊ ತುಣುಕಿನೊಂದಿಗೆ ಸಂಘಕ್ಕೆ ಬರೆಯುತ್ತಾರೆ. ತುಣುಕು ಕಳುಹಿಸುವಾಗ ಪಂದ್ಯದ ಯಾವ ಕಾಲು ಭಾಗ (ಕ್ವಾರ್ಟರ್), ಗಡಿಯಾರದಲ್ಲಿ ಎಷ್ಟು ಸಮಯ ಉಳಿದಿತ್ತು, ಯಾವ ಸಂಖ್ಯೆಯ ಆಟಗಾರ್ತಿ ಎಂದು ನಿಖರವಾಗಿ ಬರೆದರೆ ಓದುವವರು ಗಂಭೀರವಾಗಿ ನೋಡುತ್ತಾರೆ. ‘ಇಡೀ ಪಂದ್ಯವೇ ಮೋಸ’ ಎಂದು ಬರೆದರೆ ಅದರಲ್ಲಿ ಪರಿಶೀಲಿಸಲು ಏನೂ ಇರುವುದಿಲ್ಲ.

ಫಲಿತಾಂಶ ಬದಲಾಗುತ್ತದೆಯೇ? ಅದೂ ಇಲ್ಲ. ಬ್ಯಾಸ್ಕೆಟ್‌ಬಾಲ್‌ನಲ್ಲಿ ರಾಜ್ಯ ಚಾಂಪಿಯನ್‌ಷಿಪ್ ಹಂತದಲ್ಲಿ ಮಾತ್ರ, ಸಮಯ ಮುಗಿಯುವ ಗಳಿಗೆಯಲ್ಲಿ ಎಸೆದ ಚೆಂಡು ಲೆಕ್ಕಕ್ಕೆ ಬರುತ್ತದೆಯೇ, ಅದಕ್ಕೆ ಎರಡು ಅಂಕವೋ ಮೂರೋ ಎಂದು ನೋಡಲು ರಾಜ್ಯ ಸಂಘ ವಿಡಿಯೊ ಬಳಸಲು ಅವಕಾಶ ಕೊಡಬಹುದು. ಅದನ್ನೂ ಅಲ್ಲೇ, ಅಂಗಳ ಬಿಡುವ ಮುಂಚೆ ನೋಡಬೇಕು. ಮನೆಗೆ ಹೋದ ಮೇಲೆ ಕಳುಹಿಸಿದ ತುಣುಕು ಸೇರುವುದು ಬೇರೆ ಕಡೆಗೆ. ಅದು ಆ ತೀರ್ಪುಗಾರರ ಕಡತಕ್ಕೆ ಹೋಗುತ್ತದೆ. ಕಲಿಸಲು ಯೋಗ್ಯವೆನಿಸಿದರೆ ಮುಂದಿನ ವರ್ಷದ ನಿಯಮ ಸಭೆಯ ಪರದೆಯ ಮೇಲೂ ಬರಬಹುದು. ಅಲ್ಲಿ ಹೆಸರಿಲ್ಲದೆ, ನಿಧಾನಗತಿಯಲ್ಲಿ, ಕತ್ತಲ ಕೋಣೆಯಲ್ಲಿ ಕುಳಿತ ಇನ್ನೂರು ಪಟ್ಟೆ ಅಂಗಿಯವರು ಅದನ್ನು ನೋಡಿ, ತಾವು ಆ ಜಾಗದಲ್ಲಿದ್ದಿದ್ದರೆ ಎಲ್ಲಿ ನಿಲ್ಲುತ್ತಿದ್ದೆವು ಎಂದು ಚರ್ಚಿಸುತ್ತಾರೆ.